ಜ್ಯೋತಿ ಬೇಲೂರಿಗೆ, ಸುದ್ದಿ ಬಿಕ್ಕೋಡಿಗೆ

ಮೊನ್ನೆ ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಪಂಜು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಆಟದ ಮೇಡಂ ಎಂದಮೇಲೆ ಪಂಜು, ಸುಣ್ಣದ ಗೆರೆ, ಗ್ಲೂಕೋಸ್ ಡಬ್ಬ ಎಲ್ಲವೂ ನನ್ನ ತಲೆಗೇ. ಹಳೆಯ ಪಂಚೆಯೊಂದನ್ನು ಹರಿದು ಕೋಲಿನ ತುದಿಗೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಎತ್ತಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಣ್ಣೆ ಮೊಣಕೈವರೆಗೆ ಇಳಿಯುತ್ತಿದ್ದರೂ ಸುಮ್ಮನೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಗಾಬರಿಯಾಗಿ "ತಲೆ ಸುತ್ತುತ್ತಾ ಮೇಡಂ?" ಎಂದರು. ಏನಿಲ್ಲ ಸಾರ್ ಎಂದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ನೆನಪಾಗಿತ್ತು. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಇಂಥದೇ ಪಂಜೊಂದಕ್ಕೆ ಕಾದು ನಿಂತಿದ್ದ ಬೆಳಗು ಅದು.

ನಾನಾಗ ಅರಸೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದೆ. ಇದ್ದದ್ದು ಅಣ್ಣ ಸಿದ್ದರಾಜನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಣ್ಣ ಅಲ್ಲಿ ಗುಮಾಸ್ತ. ಕರ್ಚೀಫಿಗೂ ಇಸ್ತ್ರಿ ಹಾಕಿಸುವ ಮನುಷ್ಯ. ಹಿಂದಿನ ವರ್ಷ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬುದ್ಧನ ದಾರಿಗೆ ಸೇರಿಸಿದ್ದವನು ಅವನೇ. ದೀಕ್ಷೆ ಕೊಟ್ಟ ಬೌದ್ಧ ಗುರು ಭಂತೇಜಿ ಹೇಳಿಕೊಟ್ಟ ಪ್ರತಿಜ್ಞೆಗಳನ್ನೆಲ್ಲ ನಾವು ಒಬ್ಬರ ಹಿಂದೊಬ್ಬರು ಹೇಳಿದೆವು. ಮನೆಗೆ ಬಂದಮೇಲೆ ಅಣ್ಣ ತನ್ನದೂ ಸ್ವಲ್ಪ ಸೇರಿಸಿದ. ಮೇಲಿನ ಬೀದಿಯವರ ಸಾವಿಗೆ ಅಪ್ಪ ಇನ್ನು ಗುಂಡಿ ತೋಡುವಂತಿಲ್ಲ, ಅವರ ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡುವಂತಿಲ್ಲ. ಇದನ್ನು ಕಾಲೋನಿಯ ಎಲ್ಲರ ಮುಂದೆ ಅಪ್ಪನ ಬಾಯಿಂದಲೇ ಹೇಳಿಸಿದ.

ಅಪ್ಪ ಹನುಮಯ್ಯನ ಕೆಲಸವೇ ಅದಾಗಿತ್ತು. ನಮ್ಮೂರು ಹಳೇಬೀಡಿನಿಂದ ಜಾವಗಲ್ಲಿನ ರಸ್ತೆಯಲ್ಲಿ ಸ್ವಲ್ಪ ಒಳಕ್ಕೆ. ಅಲ್ಲಿ ಗೌಡರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲು. ತಾತ ಓಡಿದ, ಅಪ್ಪ ಓಡಿದ. ಕೂಲಿ ಎಂಬುದಿಲ್ಲ, ಸುದ್ದಿ ಕೇಳಿದ ಮನೆಯವರು ಬಾಗಿಲಾಚೆ ನಿಲ್ಲಿಸಿ ಮೊರದಲ್ಲಿ ಒಂದಿಷ್ಟು ರಾಗಿ ಸುರಿಯುತ್ತಿದ್ದರು. ಅಣ್ಣನಿಗೆ ಆ ಮೊರ ಕಂಡರೆ ಮೈ ಉರಿಯುತ್ತಿತ್ತು. ಅವನು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ.

ಆದರೆ ಅಪ್ಪನಿಗೆ ತನ್ನ ಓಟದ ಬಗ್ಗೆ ಒಂದು ಹೆಮ್ಮೆಯಿತ್ತು. ಅದು ಅಣ್ಣನಿಗೆ ಅರ್ಥವಾಗುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದಾಗ ಹಳೇಬೀಡಿನ ಕೆರೆ ಏರಿಯ ಮೇಲೆ ನನ್ನನ್ನು ಓಡಿಸಿದವನು ಅಪ್ಪನೇ. ಅಷ್ಟರಲ್ಲಾಗಲೇ ಅವನ ಬಲ ಮಂಡಿ ಹಾಳಾಗಿತ್ತು. ಏರಿಯ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾ, ನಾನು ಎದುರಿಗೆ ಬಂದಾಗಲೆಲ್ಲ ಏನಾದರೊಂದು ಹೇಳುತ್ತಿದ್ದ. ಅವನು ಹೇಳುತ್ತಿದ್ದುದು ಪದಕ ಗೆಲ್ಲುವುದನ್ನಲ್ಲ, ಸುದ್ದಿ ಹೊರುವುದನ್ನು.

"ಊರು ಕಂಡೇಟಿಗೆ ಓಟ ನಿಲ್ಲಿಸ್ಬೇಕು. ಓಡ್ಕಂಡು ಒಳಕ್ ಹೋದ್ರೆ ಎಲ್ಲಾ ಮನೇರೂ ತಮ್ದೇ ಅಂತ ಎದೆ ಒಡ್ಕತಾರೆ. ನಡ್ಕಂಡು ಹೋಗ್ಬೇಕು. ಯಾರ್ ಕೇಳಿದ್ರೂ ಹೇಳ್ಬಾರ್ದು, ಆ ಮನೇರಿಗೇ ಮೊದ್ಲು ಹೇಳ್ಬೇಕು."

"ಏನಂತ ಹೇಳೋದಪ್ಪ?"

"ಸತ್ರು ಅನ್ನಂಗಿಲ್ಲ. ಮಖ ನೋಡ್ಕಬೇಕಂತೆ ಬನ್ನಿ, ಅನ್ಬೇಕು. ಅಷ್ಟಕ್ಕೇ ತಿಳ್ಕತಾರೆ."

ನನ್ನ ಮೇಲಿನ ಆಸೆಯಿಂದ ಇದೆಲ್ಲ ಹೇಳುತ್ತಿದ್ದಾನೋ, ಹೇಳಲು ಬೇರೆ ಯಾರೂ ಇಲ್ಲದೆ ಹೇಳುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ತನ್ನಿಂದ ತಡವಾಗಿ ಯಾರೊಬ್ಬರಿಗೂ ಹೆತ್ತವರ ಮುಖ ತಪ್ಪಿಲ್ಲ ಎಂಬುದನ್ನು ಮಾತ್ರ ಅವನು ಪದೇಪದೇ ಹೇಳುತ್ತಿದ್ದ. ಅಣ್ಣ ಪ್ರತಿಜ್ಞೆ ಮಾಡಿಸಿದ ದಿನವೂ ಎಲ್ಲದಕ್ಕೂ ಹೂಂ ಎಂದವನು ಕೊನೆಗೆ ತಲೆ ಕೆರೆದುಕೊಂಡು, "ಪುಟ್ಟಮ್ಮೋರ್ದು ಒಂದು ಉಳ್ಕಂಡೈತೆ ಕಣಪ್ಪ ಸಿದ್ದ, ಅದೊಂದು ಮುಗಿಸ್ಬುಡ್ತೀನಿ" ಎಂದಿದ್ದ.

"ಅದೂ ಇಲ್ಲ" ಎಂದಿದ್ದ ಅಣ್ಣ.

ಪುಟ್ಟಮ್ಮ ನಮ್ಮೂರಿನ ದೊಡ್ಡ ಗೌಡರ ಮನೆಯ ಹಿರಿಯ ಜೀವ. ಅವರು ಹರೆಯದಲ್ಲಿದ್ದಾಗ ಗೆಂಡೆಹಳ್ಳಿ ಕಡೆಯ ತವರಿನಲ್ಲಿ ಅವರ ತಂದೆ ತೀರಿಹೋದ ಸುದ್ದಿ ಹೊತ್ತವನು, ಮಳೆಗೆ ಹಳ್ಳ ತುಂಬಿ ದಾರಿಯಲ್ಲೇ ಉಳಿದುಬಿಟ್ಟನಂತೆ. ಇವರು ಹೋಗಿ ನೋಡಿದ್ದು ಮಣ್ಣಿನ ಗುಡ್ಡೆಯನ್ನು. ಅದು ಅವರ ಹೊಟ್ಟೆಯಲ್ಲಿ ಉಳಿದುಕೊಂಡಿತ್ತು. ಮುಂದೆ ಅವರ ಒಬ್ಬಳೇ ಮಗಳು ರತ್ನಮ್ಮ, ಬೇರೆ ಜಾತಿಯ ಜೀಪ್ ಡ್ರೈವರನನ್ನು ಮದುವೆಯಾಗಿ ಬಿಕ್ಕೋಡಿನ ಕಾಫಿ ತೋಟದ ಕಡೆ ಹೋದಳು. ಅಣ್ಣತಮ್ಮಂದಿರು ಅವಳ ಹೆಸರೆತ್ತುವುದನ್ನೂ ಬಿಟ್ಟರು. ಪುಟ್ಟಮ್ಮ ಒಂದು ದಿನ ಅಪ್ಪನನ್ನು ಹಿತ್ತಲಿಗೆ ಕರೆದು, "ನಾನು ಹೋದಾಗ ಇವ್ರು ಅವಳಿಗೆ ಹೇಳಲ್ಲ ಕಣೋ ಹನುಮ. ನೀನು ಹೋಗಿ ಹೇಳು. ನನಗಾದಂಗೆ ನನ್ ಮಗ್ಳಿಗೆ ಆಗ್ಬಾರ್ದು" ಎಂದು ಮಾತು ತೆಗೆದುಕೊಂಡಿದ್ದರು.

ಆ ಬೇಸಿಗೆ ಅಣ್ಣನ ತಲೆಯಲ್ಲಿ ತುಂಬಿದ್ದು ಬೇರೆಯೇ ಓಟ. ಬುದ್ಧ ಪೂರ್ಣಿಮೆಯ ದಿನ ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಓಡುತ್ತಾ ಜ್ಯೋತಿ ಒಯ್ಯಬೇಕೆಂದು ಅವನೂ ಅವನ ಗೆಳೆಯರೂ ತೀರ್ಮಾನಿಸಿದರು. ಒಂದು ವಾರ ಮೊದಲೇ ಟೆಂಪೋಗೆ ಮೈಕು ಕಟ್ಟಿಕೊಂಡು ಸುತ್ತಮುತ್ತಲ ಊರಿಗೆಲ್ಲ ಸಾರಿ ಬಂದರು. ಕಾಲೋನಿಯ ಹುಡುಗರೆಲ್ಲ ಸರದಿಯಲ್ಲಿ ಓಡುವುದು, ಹಳೇಬೀಡಿನಿಂದ ಬೇಲೂರಿನ ಕೊನೆಯ ಭಾಗ ನಾನೊಬ್ಬಳೇ ಓಡುವುದು. ಒಬ್ಬ ಹೆಣ್ಣುಮಗಳ ಕೈಯಲ್ಲೇ ಜ್ಯೋತಿ ಬೇಲೂರು ಮುಟ್ಟಬೇಕು ಎಂಬುದು ಅಣ್ಣನ ಹಟ. ನಾನು ಎರಡು ತಿಂಗಳು ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಇಳಿದೆ. ಬೆಟ್ಟಕ್ಕೆ ಬಂದ ಭಕ್ತರು ನನಗೇನೋ ದೊಡ್ಡ ಹರಕೆಯಿದೆ ಎಂದುಕೊಂಡು ದಾರಿ ಬಿಡುತ್ತಿದ್ದರು. ಅಣ್ಣ ಕೆಳಗೆ ನಿಂತು ವಾಚು ನೋಡುತ್ತಿದ್ದ. ಅವನಿಗೆ ನಾಲ್ಕು ಮೆಟ್ಟಿಲಿಗೇ ಏದುಸಿರು.

"ಅಪ್ಪನೂ ಓಡಿದ, ನೀನೂ ಓಡ್ತೀಯ" ಎಂದ ಒಮ್ಮೆ. "ಅವನು ಓಡಿದ್ದು ಅವರ ಹಂಗಿಗೆ. ನೀನು ಓಡೋದು ನಮ್ಮ ಗೌರವಕ್ಕೆ. ಅದನ್ನ ಮರೀಬೇಡ."

ಮರೆಯಲಿಲ್ಲ. ಆ ದಿನ ಬೆಳಿಗ್ಗೆ ಬಿಳಿ ಟೀ ಶರ್ಟು ತೊಟ್ಟು, ತಲೆಗೆ ನೀಲಿ ಪಟ್ಟಿ ಕಟ್ಟಿ, ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಜ್ಯೋತಿಗೆ ಕಾದು ನಿಂತಾಗ ಅದೇ ಮಾತು ಕಿವಿಯಲ್ಲಿತ್ತು. ಬಸ್ಸುಗಳ ಮುಷ್ಕರವಿದ್ದದ್ದರಿಂದ ಸ್ಟ್ಯಾಂಡು ಖಾಲಿ ಹೊಡೆಯುತ್ತಿತ್ತು. ದೂರದಲ್ಲಿ ಟೆಂಪೋದ ಮೈಕು ಕೇಳಿಸಿತು. ಅದಕ್ಕೂ ಮೊದಲು ಅಡ್ಡದಾರಿಯಿಂದ ಅವ್ವ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆವರು ಒರೆಸದೆ, ಊರಿಂದ ಒಂದೇ ಉಸಿರಿಗೆ ನಡೆದು ಬಂದಿದ್ದಳು.

"ಪುಟ್ಟಮ್ಮೋರು ಹೋಗ್ಬುಟ್ರು ಕಣೇ ಚೆಲ್ವಿ. ಕೋಳಿ ಕೂಗೋ ಹೊತ್ಗೆ. ನೆಂಟ್ರಿಗೆಲ್ಲ ಫೋನ್ ಮಾಡವ್ರೆ, ರತ್ನಮ್ಮಂಗೆ ಮಾತ್ರ ಇಲ್ಲ. ಅವಳು ಬರೋ ಮುಂಚೆ ಎತ್ತಿಬುಡಾಣ ಅಂತ ದೊಡ್ಡೋನು ಆತುರ ಬಿದ್ದವ್ನೆ. ಮಧ್ಯಾನ್ವೇ ಮಣ್ಣು."

"ಅಪ್ಪ ಏನಂದ?"

"ನಿನಗೆ ಹೇಳು ಅಂದ. ಅಷ್ಟೇ ಅಂದದ್ದು. ಹಾರೆ ತಗಂಡು ಗುಂಡಿ ತೋಡಾಕೆ ಹೋದ."

ಈ ಕೊನೆಯ ಮಾತು, ಆಗಷ್ಟೇ ಟೆಂಪೋದಿಂದ ಇಳಿದ ಅಣ್ಣನ ಕಿವಿಗೂ ಬಿತ್ತು. ಅವನ ಮುಖ ಕಪ್ಪಿಟ್ಟಿತು.

"ಯಾಕೆ ಹೋದ? ಎಲ್ಲರ ಮುಂದೆ ಮಾತು ಕೊಟ್ಟಿದ್ನಲ್ಲ. ಇವತ್ತೇ ಬೇಕಿತ್ತಾ ಅವನಿಗೆ?"

ನಾನು ನೇರವಾಗಿ ಕೇಳಿದೆ. "ಅಣ್ಣ, ಟೆಂಪೋ ಕೊಡು. ಬಿಕ್ಕೋಡಿಗೆ ಹೋಗಿ ರತ್ನಮ್ಮೋರಿಗೆ ಹೇಳಿ ಬಂದುಬಿಡ್ತೀನಿ. ಅವರ ಮನೇಲಿ ಫೋನಿಲ್ಲ, ಇವತ್ತು ಬಸ್ಸೂ ಇಲ್ಲ."

"ಜ್ಯೋತಿ ಗಾಡೀಲಿ ಗೌಡ್ರ ಮನೆ ಸಾವಿನ ಸುದ್ದಿ ಹೋಗಲ್ಲ" ಎಂದ ಅಣ್ಣ. ದನಿ ಏರಿಸಲಿಲ್ಲ. "ನೀನು ಜ್ಯೋತಿ ಬೇಲೂರು ಮುಟ್ಟಿಸು. ಆಮೇಲೆ ನಿನ್ನಿಷ್ಟ."

ಅವನ ಲೆಕ್ಕಾಚಾರ ನನಗೆ ಗೊತ್ತಾಯಿತು. ಬೇಲೂರು ಮುಟ್ಟುವಷ್ಟರಲ್ಲಿ ನನ್ನಲ್ಲಿ ತ್ರಾಣ ಉಳಿಯುವುದಿಲ್ಲ, ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕೂತರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. ಅಣ್ಣ ಕೆಟ್ಟವನಲ್ಲ. ಒಂದು ವರ್ಷ ಕಷ್ಟಪಟ್ಟು ಕಟ್ಟಿದ್ದು ಅವತ್ತು ಅವನ ಕಣ್ಣೆದುರು ಕುಸಿಯುತ್ತಿತ್ತು. ಜಗಳಕ್ಕೆ ಸಮಯವಿರಲಿಲ್ಲ. ಪಂಜು ತೆಗೆದುಕೊಂಡು ಓಡಿದೆ.

ಪಂಜು ಹಿಡಿದು ಓಡುವುದು ಫೋಟೋದಲ್ಲಿ ಕಂಡಷ್ಟು ಚೆಂದವಲ್ಲ. ಸೀಮೆಎಣ್ಣೆ ಮಣಿಕಟ್ಟಿನ ಮೇಲೆ ಇಳಿಯುತ್ತದೆ, ಹೊಗೆ ಕಣ್ಣಿಗೆ ಬರುತ್ತದೆ, ಕೈ ಬದಲಾಯಿಸಿದಷ್ಟೂ ಭುಜ ನೋಯುತ್ತದೆ. ಹಿಂದಿನ ಸಂಜೆ ಮಳೆ ಬಿದ್ದು ಹೊಲಗಳೆಲ್ಲ ಉತ್ತ ಮಣ್ಣಿನ ವಾಸನೆ. ಬಿಸಿಲು ಮಾತ್ರ ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಹಿಂದೆ ಟೆಂಪೋದಿಂದ ಅಣ್ಣನ ಗೆಳೆಯ ಮೈಕಿನಲ್ಲಿ ನನ್ನ ಹೆಸರು ಹೇಳಿ ಹೇಳಿ ಹುರಿದುಂಬಿಸುತ್ತಿದ್ದ. ಊರೂರಿನ ಮುಂದೆ ಜನ ಚಪ್ಪಾಳೆ ತಟ್ಟಿದರು. ನನಗೆ ಅದ್ಯಾವುದೂ ಸಂತೋಷವೆನಿಸಲಿಲ್ಲ. ಅಪ್ಪ ಮುರುಕು ಮಂಡಿಯಲ್ಲಿ ಹಾರೆ ಹಿಡಿದು ನಿಂತಿರುವುದೇ ಕಣ್ಮುಂದೆ. ಜೊತೆಗೆ, ಇಷ್ಟು ವರ್ಷ ಅವನಿಗೆ ಒಂದು ಚಪ್ಪಾಳೆಯೂ ಸಿಗದ ದಾರಿಯಲ್ಲಿ ನನಗೆ ಇಷ್ಟೊಂದು ಸಿಗುತ್ತಿದೆಯಲ್ಲ ಎಂಬ ಸಂಕಟ.

ಬೇಲೂರಿನ ಗೋಪುರ ಕಂಡಾಗ ಉಸಿರು ಹದಕ್ಕೆ ಬಂದಿತ್ತು. ಬಸ್ ಸ್ಟ್ಯಾಂಡಿನ ಬಳಿ ಶಾಮಿಯಾನ, ವೇದಿಕೆ, ಭಂತೇಜಿ, ಹಾರ ಹಿಡಿದು ನಿಂತ ಹೆಂಗಸರು. ಅಣ್ಣ ಟೆಂಪೋದಿಂದ ಜಿಗಿದು ಮುಂದೆ ಬಂದ. ಪಂಜನ್ನು ಅವನ ಕೈಗೆ ಇಟ್ಟೆ.

"ಮುಟ್ಟಿಸಿದೀನಿ" ಎಂದೆ.

ನಿಲ್ಲಲಿಲ್ಲ. ನಿಂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಗೊತ್ತಿತ್ತು. ಹಾರ ಹಿಡಿದವರ ನಡುವೆ ನುಸುಳಿ ಬಿಕ್ಕೋಡಿನ ರಸ್ತೆಗೆ ಬಿದ್ದೆ. ಹಿಂದೆ ಮೈಕು ಒಮ್ಮೆಲೇ ನಿಂತುಹೋಯಿತು.

ಆಮೇಲಿನ ದಾರಿಯಲ್ಲಿ ಯಾರೂ ಇರಲಿಲ್ಲ. ಬಸ್ಸಿಲ್ಲದ ರಸ್ತೆ. ನಡುವೆ ಒಂದೆರಡು ಸಲ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತೆ, ಒಂದು ಕಡೆ ಪಂಪ್‌ಸೆಟ್ಟಿನ ನೀರಿಗೆ ತಲೆಯೊಡ್ಡಿದೆ. ಬಿಕ್ಕೋಡು ಹತ್ತಿರವಾಗುತ್ತ ಕಾಫಿ ತೋಟಗಳು ಶುರುವಾಗಿ ನೆರಳು ಸಿಕ್ಕಿತು. ಇದು ಗೌರವದ ಓಟವೋ ಹಂಗಿನ ಓಟವೋ ಎಂದು ಯೋಚಿಸಲು ಹೋಗಲಿಲ್ಲ. ಒಬ್ಬ ಮಗಳು ತಾಯಿಯ ಮುಖ ನೋಡಬೇಕು, ಅಪ್ಪನ ಮಾತು ಉಳಿಯಬೇಕು. ಇವೆರಡು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಮೊದಲ ಮನೆಗಳು ಕಂಡಾಗ ಓಟ ನಿಲ್ಲಿಸಿ ನಡೆಯತೊಡಗಿದೆ. ಆಗಲೇ ಎಡವಟ್ಟಾದದ್ದು. ರಸ್ತೆಬದಿಯಲ್ಲಿ ತೋಟದ ಕೆಲಸದವರ ಲೈನ್ ಮನೆಗಳಿದ್ದವು. ಅದರ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಹೆಂಗಸರು, ಮಕ್ಕಳು ಸಾಲಾಗಿ ನಿಂತಿದ್ದರು. ನನ್ನ ಬಿಳಿ ಟೀ ಶರ್ಟು, ನೀಲಿ ಪಟ್ಟಿ ಕಂಡದ್ದೇ "ಬಂದ್ರು, ಬಂದ್ರು" ಎಂದು ತಮಟೆ ಬಡಿದರು. ಹಿಂದಿನ ವಾರ ಮೈಕಿನಲ್ಲಿ ಸಾರಿದ್ದನ್ನು ಕೇಳಿ, ಜ್ಯೋತಿ ತಮ್ಮಲ್ಲಿಗೂ ಬರುತ್ತದೆ ಎಂದುಕೊಂಡು ಬೆಳಗಿನಿಂದ ಕಾಯುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಕೊರಳಿಗೆ ಕಣಗಿಲೆ ಹಾರ ಬಿತ್ತು. ಒಬ್ಬ ಮುದುಕಿ ತಂಬಿಗೆಯಿಂದ ನನ್ನ ಕಾಲಿಗೆ ನೀರು ಹಾಕಿ ಸೆರಗಿನಿಂದ ಒರೆಸಿದಳು.

"ಜ್ಯೋತಿ ಎಲ್ಲವ್ವ? ಹಿಂದ್ಗಡೆ ಬತ್ತಾ ಐತಾ?"

ಸಾವಿನ ಸುದ್ದಿ ಹೊತ್ತು ಬಂದವಳಿಗೆ ಹಾರ ಹಾಕಿದ್ದೀರಿ ಎಂದು ಹೇಳುವಂತಿರಲಿಲ್ಲ. ಅವಳ ಒದ್ದೆ ಕೈ ಇನ್ನೂ ನನ್ನ ಪಾದದ ಮೇಲಿತ್ತು. "ಬರುತ್ತೆ ಅಜ್ಜಿ" ಎಂದುಬಿಟ್ಟೆ. ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಜೀಪ್ ಡ್ರೈವರನ ಮನೆ ಎಲ್ಲಿ ಎಂದು ಕೇಳಿ, ತಿರುವಿನಲ್ಲಿ ಹಾರ ತೆಗೆದು ಬೇಲಿಗೆ ನೇತುಹಾಕಿ ಮುಂದೆ ನಡೆದೆ.

ರತ್ನಮ್ಮ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದರು. ನನ್ನನ್ನು ಕಂಡು ಯಾರೆಂದು ಹೊಳೆಯಲಿಲ್ಲ.

"ನಾನು ಹನುಮಯ್ಯನ ಮಗಳು. ಮುಖ ನೋಡ್ಕೋಬೇಕಂತೆ, ಬನ್ನಿ" ಎಂದೆ.

ಅವರು ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಗ್ಗದ ಮೇಲೆ ಎರಡು ಸಲ ಸರಿಮಾಡಿದರು. ಆಮೇಲೆ ಮೆಲ್ಲಗೆ, "ನಮ್ಮಣ್ಣ ಹೇಳ್ ಕಳ್ಸಿದ್ನಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಎಷ್ಟು ಆಸೆಯಿತ್ತೆಂದರೆ, ಹೂಂ ಎನ್ನಬೇಕೆನಿಸಿತು.

"ಇಲ್ಲ. ನಿಮ್ಮವ್ವ ಹೇಳ್ ಕಳ್ಸಿದ್ರು" ಎಂದೆ.

ರತ್ನಮ್ಮ ನನ್ನ ಭುಜಕ್ಕೆ ತಲೆಯೊತ್ತಿ ಅತ್ತರು. ಸೀಮೆಎಣ್ಣೆ, ಬೆವರು ಎಲ್ಲ ಹತ್ತಿದ ಭುಜ. ನಾನೂ ಅತ್ತೆ. ಗಂಡ ಜೀಪು ತೆಗೆದುಕೊಂಡು ಸಾಹುಕಾರರ ಜೊತೆ ಸಕಲೇಶಪುರಕ್ಕೆ ಹೋಗಿದ್ದಾರೆ, ಬರುವುದು ಸಂಜೆ ಎಂದರು. ನೆತ್ತಿಯ ಮೇಲೆ ಸೂರ್ಯ. ನಡೆದು ಹೋದರೆ ಅವರಿಗೆ ಸಿಗುವುದೂ ಮಣ್ಣಿನ ಗುಡ್ಡೆಯೇ. ಆದರೂ ಬಾಗಿಲು ಎಳೆದುಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಲೈನ್ ಮನೆಗಳ ಹತ್ತಿರ ಬಂದಾಗ ತಮಟೆ ಮತ್ತೆ ಬಡಿಯುತ್ತಿತ್ತು. ಟೆಂಪೋ ನಿಂತಿತ್ತು. ಅಣ್ಣ ಇಸ್ತ್ರಿ ಶರ್ಟಿನ ತುಂಬ ಮಸಿ ಮಾಡಿಕೊಂಡು ಪಂಜು ಹಿಡಿದು ನಿಂತಿದ್ದ, ಮುದುಕಿ ಅವನ ಕಾಲಿಗೂ ನೀರು ಹಾಕುತ್ತಿದ್ದಳು. ಬೇಲೂರಿನಲ್ಲಿ ಭಂತೇಜಿ ಆ ಹುಡುಗಿ ಎಲ್ಲಿ ಹೋದಳು ಎಂದು ಕೇಳಿದರಂತೆ. ಒಬ್ಬರ ಸಾವಿನ ಸುದ್ದಿ ಹೇಳೋಕೆ ಎಂದನಂತೆ ಅಣ್ಣ. "ಒಬ್ಬಳೇನಾ?" ಎಂದರಂತೆ ಭಂತೇಜಿ. ಅಷ್ಟೇ ನಡೆದದ್ದು ಎಂದು ಅಣ್ಣ ಎಷ್ಟೋ ವರ್ಷಗಳ ಮೇಲೆ ಹೇಳಿದ.

ಅಲ್ಲಿ ಮಾತ್ರ ನನ್ನ ಕಡೆ ನೋಡಲಿಲ್ಲ. ಪಂಜನ್ನು ಮುದುಕಿಯ ಕೈಗೆ ಕೊಟ್ಟು, ಟೆಂಪೋದ ಮುಂದಿನ ಬಾಗಿಲು ತೆರೆದು "ಹತ್ತಿ ರತ್ನಮ್ಮೋರೇ" ಎಂದ.

ಊರು ಮುಟ್ಟುವಾಗ ಮಧ್ಯಾಹ್ನ ದಾಟಿಹೋಗಿತ್ತು. ಎಲ್ಲ ಮುಗಿದಿರುತ್ತದೆ ಎಂದುಕೊಂಡೇ ಗೌಡರ ತೆಂಗಿನ ತೋಟದ ಕಡೆ ಇಳಿದೆವು. ಆದರೆ ಜನ ಇನ್ನೂ ನಿಂತೇ ಇದ್ದರು. ಪುಟ್ಟಮ್ಮನವರನ್ನು ಮರದ ನೆರಳಿನಲ್ಲಿ ಮಲಗಿಸಿತ್ತು. ದೊಡ್ಡ ಮಗ ನಂಜೇಗೌಡ ಗುಂಡಿಯ ಅಂಚಿನಲ್ಲಿ ನಿಂತು ಸಿಡಿಮಿಡಿಗುಟ್ಟುತ್ತಿದ್ದ.

"ಏನಯ್ಯ ಹನುಮ, ಗುಂಡಿ ತೋಡ್ತಿದೀಯೋ ಬಾವಿ ತೋಡ್ತಿದೀಯೋ?"

ಒಳಗಿನಿಂದ ಅಪ್ಪನ ದನಿ ಬಂತು. "ಮೂಲೆ ಒಂಚೂರು ಸೊಟ್ಟ ಐತೆ ಬುದ್ಧಿ. ದೊಡ್ಡೋರು ಮಲಗೋ ಜಾಗ."

ಬೆಳಗಿನಿಂದ ಅವನು ಮಾಡಿದ್ದು ಇದನ್ನೇ. ಮೊದಲು ಬಂಡೆ ಸಿಕ್ಕಿತೆಂದು ಜಾಗ ಬದಲಾಯಿಸಿದನಂತೆ. ಆಮೇಲೆ ತೆಂಗಿನ ಬೇರು ಅಡ್ಡ ಬಂತಂತೆ. ಆಮೇಲೆ ಮಂಡಿ ನೋವಂತೆ, ಬೀಡಿಯಂತೆ. ಬೈದು ಬೇರೆಯವರನ್ನು ಇಳಿಸೋಣವೆಂದರೆ ಕಾಲೋನಿಯ ಗಂಡಸರೆಲ್ಲ ಅಣ್ಣನ ಜ್ಯೋತಿಯ ಹಿಂದೆ ಬೇಲೂರಿಗೆ ಹೋಗಿದ್ದರು. ಗೌಡರ ಮನೆಯ ಗಂಡಸರಿಗೆ ಗುಂಡಿಗಿಳಿದು ರೂಢಿಯಿರಲಿಲ್ಲ. ಜೀವಮಾನವಿಡೀ ತಡಮಾಡದೆ ಓಡಿದವನು ನನಗೋಸ್ಕರ ಅರ್ಧ ದಿನ ತಡಮಾಡುತ್ತ ನಿಂತಿದ್ದ. ಅಣ್ಣನಿಗೆ ಇದು ಅರ್ಥವಾದ ಗಳಿಗೆಯನ್ನು ನಾನು ಅವನ ಮುಖದಲ್ಲಿ ಕಂಡೆ.

ರತ್ನಮ್ಮ ಯಾರನ್ನೂ ನೋಡದೆ ನೇರ ತಾಯಿಯ ಬಳಿ ಹೋಗಿ ಕೂತು, ಎರಡೂ ಕೈಯಲ್ಲಿ ಆ ಮುಖ ಹಿಡಿದುಕೊಂಡರು.

"ಯಾರು ಹೇಳಿದ್ದು ಇವಳಿಗೆ?" ಎಂದ ನಂಜೇಗೌಡ.

"ನಾವು ಹೇಳಿದ್ದು" ಎಂದ ಅಣ್ಣ.

ನಂಜೇಗೌಡ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಂಗಿಯ ಅಳು ಕೇಳಿ ಆ ಕಡೆ ತಿರುಗಿದ. ರತ್ನಮ್ಮ ಸಾಕಷ್ಟು ಹೊತ್ತು ಅತ್ತು, ತಾಯಿಯ ಹಣೆಯ ಕೂದಲು ಸರಿಮಾಡಿ ಎದ್ದು ನಿಂತಮೇಲೆ, ಗುಂಡಿಯೊಳಗಿನಿಂದ "ಆಯ್ತು ಬುದ್ಧಿ, ಈಗ ಸರಿಯಾಯ್ತು" ಎಂದು ಅಪ್ಪನ ದನಿ ಕೇಳಿತು.

ಅಣ್ಣ ಬಗ್ಗಿ ಕೈ ಚಾಚಿ ಅವನನ್ನು ಮೇಲಕ್ಕೆಳೆದುಕೊಂಡ. ಮೈಯೆಲ್ಲ ಕೆಮ್ಮಣ್ಣು. ಪುಟ್ಟಮ್ಮನವರನ್ನು ಒಳಗಿಳಿಸಿದ ಮೇಲೆ ಅಪ್ಪ ರೂಢಿಯಂತೆ ಸನಿಕೆಗೆ ಕೈ ಹಾಕಿದ. ಅಣ್ಣ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿ, ನಾಲ್ಕು ಹೆಜ್ಜೆ ನಡೆದು ನಂಜೇಗೌಡನ ಮುಂದೆ ಹಿಡಿದ.

"ಗುಂಡಿ ನಮ್ಮಪ್ಪ ತೋಡಿದ್ದು, ಪುಟ್ಟಮ್ಮೋರಿಗೆ ಕೊಟ್ಟ ಮಾತಿಗೆ. ನಿಮ್ಮವ್ವನಿಗೆ ಮಣ್ಣು ನೀವು ಮುಚ್ಚಿ."

ಇಡೀ ಊರು ನೋಡುತ್ತಿತ್ತು. ನಂಜೇಗೌಡ ಸನಿಕೆಯನ್ನೂ ಅಣ್ಣನನ್ನೂ ನೋಡಿದ. ಅವನು ಕೈ ಮುಂದೆ ಮಾಡುವ ಮೊದಲೇ ರತ್ನಮ್ಮ ಬಂದು ಬೊಗಸೆಯಲ್ಲಿ ಮಣ್ಣೆತ್ತಿ ಹಾಕಿದರು. ಆಮೇಲೆ ಅವನು ಸನಿಕೆ ತೆಗೆದುಕೊಂಡ. ಅವನ ತಮ್ಮಂದಿರು ಗುದ್ದಲಿ, ಮಂಕರಿ ಹುಡುಕಿಕೊಂಡರು. ಕೆಲಸ ನಿಧಾನವಾಗಿ, ಒಡ್ಡೊಡ್ಡಾಗಿ ಸಾಗಿತು.

ನಾನು ಪಕ್ಕದ ತೆಂಗಿನ ಬುಡದಲ್ಲಿ ಕುಸಿದು ಕೂತೆ. ಅಣ್ಣ ಬಂದು ಕೂತ. ಅಪ್ಪ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತೋಚದೆ ಕೈ ಜೋತುಬಿಟ್ಟುಕೊಂಡು ನಿಂತಿದ್ದ. ಆಮೇಲೆ ಮಂಡಿ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಕೂತ. ಗೌಡರ ಮನೆಯವರು ದುಡಿಯುತ್ತಿರುವಾಗ ಅಪ್ಪ ಅವರೆದುರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.